ಬೇಸ್ ಗಿಟಾರಿನ ಬೀಟೆ: ಹಲಗೆಗೂ ಬಿಡಿಭಾಗಕ್ಕೂ ಇರುವ ಅಂತರ

ವಿದ್ಯುತ್ ಬೇಸ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಗ್ರಹಿಸುವುದು ಅಯಸ್ಕಾಂತೀಯ ಪಿಕಪ್. ಆದುದರಿಂದ ಒಡಲು ಪೂರ್ತಿ ದುಬಾರಿ ಮರದ್ದಾಗಬೇಕಿಲ್ಲ. ಗ್ರಾಹಕರ ಕೋರಿಕೆಯಂತೆ ಒಂದೊಂದನ್ನೇ ತಯಾರಿಸುವ ಕುಶಲಕರ್ಮಿಗಳು ಹಗುರ ಮರದ ಒಡಲಿನ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಚಿತ್ತಾರದ ಹಲಗೆಯನ್ನು ಅಂಟಿಸುವುದುಂಟು. ಬೀಟೆ, ಕರಿಮರಗಳಿಗೆ ನಿಜವಾದ ದುಡಿಮೆಯಿರುವುದು ಫಿಂಗರ್‌ಬೋರ್ಡಿನಲ್ಲಿ. ದಪ್ಪ ತಂತಿಗಳ ಉಜ್ಜಾಟವನ್ನು ಅದು ತಾಳಬೇಕು. ತಂತಿಯ ಅಳತೆ ಸಾಮಾನ್ಯವಾಗಿ 34 ಅಂಗುಲ. 24 ಫ್ರೆಟ್‌ಗಳಿದ್ದರೆ ಕೊನೆಯದು 25.5 ಅಂಗುಲದಲ್ಲಿ ಬೀಳುತ್ತದೆ. ಸಾಮಾನ್ಯ ಗಿಟಾರಿಗೆಂದು ಕೊಯ್ದ ತುಂಡು ಇಲ್ಲಿ ಸಾಲದು. ಉದ್ದದ ತುಂಡು ಚೆನ್ನಾಗಿ ಒಣಗದಿದ್ದರೆ ಡೊಂಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಾಗದಪತ್ರಗಳದ್ದು. ಬ್ರೆಜಿಲ್ ಬೀಟೆಯು 1992ರಿಂದ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧದಲ್ಲಿದ್ದು, ಅದರ ವಾಣಿಜ್ಯ ವಹಿವಾಟು ಬಹುತೇಕ ನಿಂತಿದೆ. ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಬೀಟೆ, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, 2017ರ ಜನವರಿಯಲ್ಲಿ ಎರಡನೆಯ ಅನುಬಂಧಕ್ಕೆ ಸೇರಿತು. ವಾದ್ಯ ತಯಾರಕರಿಗೆ ಇದು ದೊಡ್ಡ ಪೆಟ್ಟಾಯಿತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೂ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ದೊರೆತಿದೆ. ಆದರೆ ‘ಸಿದ್ಧ’ ಎಂಬ ಮಾತಿನಲ್ಲಿಯೇ ವ್ಯಾಪಾರದ ಗುಟ್ಟಿದೆ: ವಾದ್ಯಕ್ಕೆಂದೇ ರೂಪಿಸಿ, ನೇರವಾಗಿ ಜೋಡಿಸಬಹುದಾದ ಭಾಗ ಮಾತ್ರ ಆ ವರ್ಗಕ್ಕೆ ಸೇರುತ್ತದೆ, ಒರಟಾಗಿ ಕೊಯ್ದ ಹಲಗೆ ಸೇರುವುದಿಲ್ಲ.

ಈ ಗೆರೆ ಎಷ್ಟು ಸೂಕ್ಷ್ಮವೆಂಬುದು ಅದಕ್ಕೂ ಮೊದಲೇ ಕಂಡುಬಂದಿತ್ತು. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಕಾರ್ಖಾನೆಗಳಲ್ಲಿ ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ತುಂಡುಗಳನ್ನು ವಶಪಡಿಸಿಕೊಂಡಾಗ, ಅವು ಕೊಯ್ದ ಮರವೋ ವಾದ್ಯದ ಭಾಗವೋ ಎಂಬುದೇ ವಿವಾದದ ಮೂಲವಾಗಿತ್ತು. ಹೀಗಾಗಿ ರಫ್ತಿನ ಬೇಡಿಕೆಗೆ ಒಪ್ಪಿಗೆ ನೀಡುವ ಮೊದಲು ಮರದ ಸಸ್ಯಶಾಸ್ತ್ರೀಯ ಹೆಸರು, ಅರಣ್ಯ ಇಲಾಖೆಯ ರಹದಾರಿ, ಸರಕಿನ ವರ್ಗಸಂಖ್ಯೆ, ಈ ಮೂರನ್ನೂ ಬಿಲ್ಲಿನೊಡನೆ ತಾಳೆ ನೋಡಿಕೊಳ್ಳತಕ್ಕದ್ದು.