ನಲ್ಲಿಯ ನೀರು ಎಲ್ಲಿಂದ ಬಂತು?

ಸಿಕಂದರಾಬಾದಿನ ನಲ್ಲಿಯಲ್ಲಿ ಬರುವ ನೀರು ಯಾವ ಸೀಮೆಯದು? ಈ ಊರು ಮಂಜೀರೆ, ಕೃಷ್ಣೆ, ಗೋದಾವರಿ ಮೂರರ ನೀರನ್ನೂ ಕುಡಿಯುತ್ತದೆ. ಮಂಜೀರೆ ಬೀದರ ಜಿಲ್ಲೆಯನ್ನು ಹಾದು ಬರುತ್ತಾಳೆ, ಕೃಷ್ಣೆ ವಿಜಾಪುರ ರಾಯಚೂರುಗಳನ್ನು. ನಮ್ಮಲ್ಲಿ ಅನೇಕರು ಬಂದದ್ದೂ ಆ ದಾರಿಯಿಂದಲೇ. ಆದರೆ ನದಿಗೆ ನೀರು ಕೊಟ್ಟವರಾರು ಎಂದು ಇನ್ನೂ ಹಿಂದಕ್ಕೆ ಹೋದರೆ ಸಮುದ್ರವೇ ಸಿಕ್ಕುತ್ತದೆ.

ಭೂಮಿಯ ನೀರನ್ನೆಲ್ಲ 100 ಕೊಡವೆಂದು ಎಣಿಸಿದರೆ ಸುಮಾರು 97 ಕೊಡ ಸಮುದ್ರದ ಉಪ್ಪುನೀರು. ಉಳಿದುದರಲ್ಲಿ ಹೆಚ್ಚಿನದು ಮಂಜುಗಡ್ಡೆ, ಅದರ ನಂತರದ ಪಾಲು ನೆಲದೊಳಗಿನದು. ನದಿ ಕೆರೆಗಳಲ್ಲಿರುವುದು ಒಂದು ಚೊಂಬಿನಷ್ಟೂ ಇಲ್ಲ. ಇಷ್ಟು ಸ್ವಲ್ಪ ನೀರು ತೀರಿಹೋಗದಿರಲು ಕಾರಣ, ಅದು ಸದಾ ಸುತ್ತುತ್ತಿರುವುದು.

ಬಿಸಿಲಿಗೆ ಸಮುದ್ರದ ನೀರು ಆವಿಯಾಗಿ ಏಳುತ್ತದೆ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆವಿ ಕಣ್ಣಿಗೆ ಕಾಣದು. ಮಳೆಗಾಲದಲ್ಲಿ ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆ ಹೊರಗೆ ಬೆವರುತ್ತದೆಯಷ್ಟೆ. ಆ ಹನಿ ಒಳಗಿನಿಂದ ಒಸರಿದ್ದಲ್ಲ, ಗಾಳಿಯಲ್ಲಿದ್ದ ಆವಿಯೇ ತಂಪು ತಗುಲಿ ನೀರಾದದ್ದು. ಮೋಡ ಕಟ್ಟುವುದೂ ಹೀಗೆಯೇ. ಮೇಲೇರಿದ ಗಾಳಿ ತಣಿದು, ಧೂಳಿನ ಕಣಗಳ ಸುತ್ತ ಆವಿ ಹನಿಗಟ್ಟುತ್ತದೆ. ಆಕಾಶದಲ್ಲಿ ಈ ನೀರಿನ ವಾಸ ಸರಾಸರಿ ಒಂಬತ್ತು ಹತ್ತು ದಿನ ಮಾತ್ರ.

ಅರಬ್ಬಿ ಸಮುದ್ರದ ಮುಂಗಾರು ಗಾಳಿ ಸಹ್ಯಾದ್ರಿಯನ್ನು ಹತ್ತುವಾಗ ತನ್ನ ಹೊರೆಯ ಬಹುಪಾಲನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ನಮಗೆ ಇಲ್ಲಿ ಸುಮಾರು 800. ಮಹಾಬಳೇಶ್ವರದ ಘಟ್ಟದಲ್ಲಿ ಬಿದ್ದದ್ದು ಕೃಷ್ಣೆಯಾಗಿ, ಕನ್ನಡ ನಾಡನ್ನು ದಾಟಿ ನಾಗಾರ್ಜುನಸಾಗರಕ್ಕೆ ಬರುತ್ತದೆ.

ಇಲ್ಲಿಂದ ಮುಂದಿನ ಲೆಕ್ಕ ಗುಮಾಸ್ತರಿಗೆ ರುಚಿಸುವಂಥದು. ಆ ಜಲಾಶಯ ತುಂಬಿದಾಗಲೂ ನೀರಿನ ಮಟ್ಟ ಸಮುದ್ರದಿಂದ 590 ಅಡಿ. ನಮ್ಮ ಊರು ಇರುವುದು ಸುಮಾರು 1,700 ಅಡಿ ಎತ್ತರದಲ್ಲಿ. ಅಂದರೆ ಸಾವಿರ ಅಡಿಗೂ ಮೇಲೆ ನೀರನ್ನು ಪಂಪಿನಿಂದ ಎತ್ತಬೇಕು, ಅದಕ್ಕೆ ವಿದ್ಯುತ್ತಿನ ಬಿಲ್ಲು ಬೇರೆ. ಇದೇ ನೀರನ್ನು ಸೂರ್ಯ ಮುಗಿಲಿಗೇ ಎತ್ತಿ, ಕಾಸು ಕೇಳದೆ ನಮ್ಮ ಮಾಳಿಗೆಯ ಮೇಲೆ ಸುರಿಯುತ್ತಾನೆ. ಹತ್ತಡಿ ಉದ್ದ, ಹತ್ತಡಿ ಅಗಲದ ಮಾಳಿಗೆಗೆ ವರ್ಷದಲ್ಲಿ ಬೀಳುವ ಮಳೆ ಸುಮಾರು 7,400 ಲೀಟರು. ಹದಿನೈದು ಲೀಟರಿನ ಕೊಡದಲ್ಲಿ 490 ಕೊಡಕ್ಕೂ ಹೆಚ್ಚು. ಅದನ್ನು ಗಟಾರಕ್ಕೆ ಬಿಟ್ಟು, ದೂರದಿಂದ ಎತ್ತಿ ತಂದದ್ದಕ್ಕೆ ನಾವು ಪಾಳಿ ಹಚ್ಚಿ ನಿಲ್ಲುತ್ತೇವೆ!

ಬಿದ್ದ ಮಳೆ ಇಂಗಲು ಇಲ್ಲಿ ಅವಕಾಶವೂ ಕಡಿಮೆ. ಅಡಿಯಲ್ಲಿರುವುದು ಗಟ್ಟಿ ಕಣಶಿಲೆ. ನೀರು ಅದರ ಬಿರುಕುಗಳಲ್ಲಿ ನಿಧಾನವಾಗಿ ಇಳಿಯಬೇಕು. ಮೇಲೆ ಸಿಮೆಂಟು ಹಾಸಿದರೆ ಅದೂ ಇಲ್ಲ. ಬೋರ್‌ವೆಲ್ಲಿನಿಂದ ಎತ್ತುವುದು ಮಾತ್ರ ನಿಲ್ಲದು. ಹಿಂದಿನವರು ಕೆರೆ ಕಟ್ಟಿದ್ದು ಈ ನೆಲದ ಗುಣ ಅರಿತೇ.

ಕೆರೆಗೂ ಒಂದು ಮಿತಿಯುಂಟು. 28-9-1908ರಂದು ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತದ ಮಳೆಗೆ ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದು ಮೂಸಿ ಉಕ್ಕಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನಲ್ಲಿ ಒಂದು ಹುಣಿಸೆಮರವನ್ನೇರಿ ಸುಮಾರು 150 ಮಂದಿ ಬದುಕಿದರು. ಮರುವರ್ಷ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆ ಜಲಾಶಯ ಕಟ್ಟಿ ನೆರೆಯನ್ನು ತಡೆಯಿರಿ ಎಂದು ಅವರು ಹೇಳಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ನೆರೆ ತಡೆಯಲು ಕಟ್ಟಿದ್ದೇ ಊರಿಗೆ ಕುಡಿಯುವ ನೀರೂ ಆಯಿತು. ಆದರೂ 2020ರ ಅಕ್ಟೋಬರಿನ ಮಳೆಯಲ್ಲಿ, ಕೆರೆಯ ಪಾತ್ರದಲ್ಲಿ ಎದ್ದ ಬಡಾವಣೆಗಳಿಗೆ ನೀರು ನುಗ್ಗಿತು. ನೀರಿಗೆ ತನ್ನ ಹಳೆಯ ವಿಳಾಸ ಮರೆತಿರಲಿಲ್ಲ.

ನಾವು ಬಳಸಿ ಚೆಲ್ಲಿದ ನೀರು ಮೂಸಿಗೆ ಸೇರಿ, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಮತ್ತೆ ಕೃಷ್ಣೆಯನ್ನು ಕೂಡುತ್ತದೆ, ಅಲ್ಲಿಂದ ಬಂಗಾಳ ಕೊಲ್ಲಿಗೆ. ಆವಿಯಾಗಿ ಮತ್ತೆ ಏಳುವುದು ಬರೀ ನೀರು. ಸಾಬೂನು, ಬಣ್ಣ, ಕಾರ್ಖಾನೆಯ ಕೊಳೆ ಉಪ್ಪಿನಂತೆ ಕೆಳಗೇ ಉಳಿಯುತ್ತವೆ, ಮೂಸಿಯ ನೀರಿನಿಂದಲೇ ಭತ್ತ ಮತ್ತು ಹುಲ್ಲು ಬೆಳೆಯುವ ಹಳ್ಳಿಗಳ ಪಾಲಿಗೆ.