ಅಗ್ಗದ ವಿದ್ಯುತ್ತು, ಸ್ಥಿರವಾದ ಜಾಲ: ಫ್ರೆಡ್ ಶ್ವೆಪೆಯವರ ಸಂಶೋಧನೆಯ ವಾಣಿಜ್ಯ ಪಾಠ

ಗೋದಾಮಿನಲ್ಲಿ ದಾಸ್ತಾನಿಟ್ಟು, ಬೆಲೆ ಬಂದಾಗ ಮಾರುವ ಸರಕುಗಳ ಸಾಲಿಗೆ ವಿದ್ಯುತ್ತು ಸುಲಭವಾಗಿ ಸೇರುವುದಿಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿಹೊಂದಬೇಕಾಗುತ್ತದೆ. ಆದುದರಿಂದ ಜಾಲವನ್ನು ನಿರ್ವಹಿಸುವವರ ಮುಂದೆ ಸದಾ ಎರಡು ಪ್ರಶ್ನೆಗಳಿರುತ್ತವೆ. ಬೇಡಿಕೆಯನ್ನು ಕನಿಷ್ಠ ವೆಚ್ಚದಲ್ಲಿ ಪೂರೈಸುವುದು ಹೇಗೆ? ಒಂದು ಮಾರ್ಗವೋ ಘಟಕವೋ ಹಠಾತ್ತನೆ ಕೈಕೊಟ್ಟರೂ ಜಾಲ ಕುಸಿಯದಂತೆ ನೋಡಿಕೊಳ್ಳುವುದು ಹೇಗೆ? ಮೊದಲನೆಯದು ಲೆಕ್ಕಪತ್ರದವರದು, ಎರಡನೆಯದು ಎಂಜಿನಿಯರರದು ಎಂಬ ಭಾವನೆ ಉದ್ದಿಮೆ ವಲಯದಲ್ಲಿದೆ. ಇವೆರಡನ್ನೂ ಒಂದೇ ಬೆಲೆಯೊಳಗೆ ತರಬಹುದೆಂದು ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಫ್ರೆಡ್ ಶ್ವೆಪೆ.

ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧಗಳು ಜಾಲದ ಸ್ಥಿತಿಯನ್ನು ಅಂದಾಜಿಸುವ ಗಣಿತಕ್ಕೆ ಸಂಬಂಧಿಸಿದವು. ಹಲವು ಉಪಕೇಂದ್ರಗಳಿಂದ ಬರುವ ಮಾಪನಗಳಲ್ಲಿ ದೋಷಗಳಿದ್ದರೂ ಅವುಗಳನ್ನು ಪರಸ್ಪರ ತಾಳೆ ಹಾಕಿ ನಿಜಸ್ಥಿತಿಯನ್ನು ಕಂಡುಕೊಳ್ಳುವ ವಿಧಾನವದು. ಬ್ಯಾಂಕ್ ಪುಸ್ತಕವನ್ನೂ ನಗದು ಪುಸ್ತಕವನ್ನೂ ತಾಳೆ ನೋಡಿದವರಿಗೆ ಇದರ ತರ್ಕ ಅಪರಿಚಿತವಲ್ಲ. ಮುಂದೆ 1988ರಲ್ಲಿ ಕ್ಯಾರಮಾನಿಸ್, ಟೇಬರ್ಸ್ ಮತ್ತು ಬೋನ್ ಅವರೊಡನೆ ಬರೆದ 'ಸ್ಪಾಟ್ ಪ್ರೈಸಿಂಗ್ ಆಫ್ ಎಲೆಕ್ಟ್ರಿಸಿಟಿ' ಗ್ರಂಥದಲ್ಲಿ, ವಿದ್ಯುತ್ತಿನ ಬೆಲೆ ವೇಳೆಗೆ ತಕ್ಕಂತೆ ಮಾತ್ರವಲ್ಲದೆ ಸ್ಥಳಕ್ಕೆ ತಕ್ಕಂತೆಯೂ ಬದಲಾಗಬೇಕೆಂದು ಅವರು ಪ್ರತಿಪಾದಿಸಿದರು.

ಒಂದು ಕಾಲ್ಪನಿಕ ಉದಾಹರಣೆ. ನಗರವೊಂದಕ್ಕೆ 600 ಮೆಗಾವ್ಯಾಟ್ ಬೇಕು. ದೂರದ ಸ್ಥಾವರದ ಚರ ವೆಚ್ಚ ಯೂನಿಟ್ಟಿಗೆ 2.50 ರೂಪಾಯಿ, ನಗರದ ಪಕ್ಕದ ಸ್ಥಾವರದ್ದು 4 ರೂಪಾಯಿ. ವೆಚ್ಚವನ್ನಷ್ಟೇ ನೋಡಿದರೆ ಪೂರ್ತಿ ದೂರದಿಂದಲೇ ತರಬೇಕು. ಆದರೆ ನಡುವಿನ ಮಾರ್ಗ ಸುರಕ್ಷಿತವಾಗಿ ಹೊರಬಲ್ಲದ್ದು 400 ಮೆಗಾವ್ಯಾಟ್ ಮಾತ್ರ. ತಂತಿ ಅದಕ್ಕಿಂತ ಹೆಚ್ಚು ಹೊರಬಹುದು. ಆದರೆ ಮಾರ್ಗ ಕಡಿದಾಗ ಅದರ ಹೊರೆ ಕ್ಷಣಾರ್ಧದಲ್ಲಿ ನೆರೆಯ ಮಾರ್ಗಗಳ ಮೇಲೆ ಬೀಳುವುದರಿಂದ ಅವಕಾಶ ಉಳಿಸಿಕೊಳ್ಳುವುದು ಅನಿವಾರ್ಯ. ಉಳಿದ 200 ಮೆಗಾವ್ಯಾಟನ್ನು ಪಕ್ಕದ ಸ್ಥಾವರದಿಂದ ಪಡೆಯಬೇಕಾಗಿ, ನಗರದಲ್ಲಿ ಸೀಮಾಂತ ಬೆಲೆ 4 ರೂಪಾಯಿಯಾಗುತ್ತದೆ, ದೂರದಲ್ಲಿ 2.50 ಆಗಿಯೇ ಉಳಿಯುತ್ತದೆ. ಈ ಒಂದೂವರೆ ರೂಪಾಯಿಯ ಅಂತರ ಮಾರ್ಗದ ಇಕ್ಕಟ್ಟಿನ ಬೆಲೆ. ಗಂಟೆಗೆ 4 ಲಕ್ಷ ಯೂನಿಟ್ಟಿನಂತೆ ಅದು ಗಂಟೆಯೊಂದಕ್ಕೆ 6 ಲಕ್ಷ ರೂಪಾಯಿ. ಹೊಸ ಮಾರ್ಗ ಹಾಕುವುದು ಲಾಭದಾಯಕವೇ ಎಂಬ ಪ್ರಶ್ನೆಗೆ ಇಂತಹ ಅಂಕಿಯಿಂದಲೇ ಉತ್ತರ ಸಿಗತೊಡಗುತ್ತದೆ.

ಭಾರತ ಹಿಡಿದ ದಾರಿ ಬೇರೆ. 2002-03ರಲ್ಲಿ ವಲಯವಾರು ಜಾರಿಗೆ ಬಂದ ಲಭ್ಯತೆ ಆಧಾರಿತ ದರಪದ್ಧತಿ, ದಕ್ಷಿಣ ವಲಯಕ್ಕೆ 2003ರ ಜನವರಿ 1ರಿಂದ ಅನ್ವಯವಾಯಿತು. ಅನುಸೂಚಿಗಿಂತ ಹೆಚ್ಚು ಸೆಳೆದವರು ಆ ಹೊತ್ತಿನ ಆವರ್ತನಕ್ಕೆ ಅನುಗುಣವಾಗಿ ಹಣ ತೆರಬೇಕಿತ್ತು. ಆರಂಭದಲ್ಲಿ 50.5 ಹರ್ಟ್ಸ್‌ಗೆ ದರ ಶೂನ್ಯ, 49 ಹರ್ಟ್ಸ್‌ಗೆ 4.20 ರೂಪಾಯಿ. ಹದಿನೈದು ನಿಮಿಷಕ್ಕೊಂದು ಲೆಕ್ಕ. ಅಲ್ಲಿಯವರೆಗೆ ಏರಿಳಿಯುತ್ತಿದ್ದ ಆವರ್ತನ ಹತೋಟಿಗೆ ಬಂದದ್ದು ಈ ಪದ್ಧತಿಯ ದೊಡ್ಡ ಸಾಧನೆ. ಆದೇಶಗಳಿಂದ ಆಗದದ್ದು ಬಿಲ್ಲಿನಿಂದ ಆಯಿತು.

ಆದರೆ ಆವರ್ತನ ಇಡೀ ಜಾಲದಲ್ಲಿ ಒಂದೇ. ಒಟ್ಟು ಸಮತೋಲನವನ್ನು ಅದು ಹೇಳುತ್ತದೆ. ಯಾವ ಮಾರ್ಗದ ಮೇಲೆ ಎಷ್ಟು ಹೊರೆಯಿದೆ ಎಂಬುದನ್ನು ಹೇಳುವುದಿಲ್ಲ. 2012ರ ಜುಲೈ 30ರ ನಸುಕಿನಲ್ಲಿ ಇದು ರುಜುವಾತಾಯಿತು. ಉತ್ತರ ವಲಯ ಅನುಸೂಚಿ ಮೀರಿ ಸೆಳೆಯುತ್ತಿತ್ತು, ಪಶ್ಚಿಮ ವಲಯ ಕಡಿಮೆ ಸೆಳೆಯುತ್ತಿತ್ತು. ಒಂದು ಹೆಚ್ಚು, ಮತ್ತೊಂದು ಕಡಿಮೆ. ಆವರ್ತನ ಸುಮಾರು 49.68ರಲ್ಲಿತ್ತು. ನಡುವಿನ ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಮಾರ್ಗ ಮಾತ್ರ ಅತಿಯಾದ ಹೊರೆಯಿಂದ ಕಡಿದುಹೋಯಿತು. ಉತ್ತರ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದವು. ಏಕಕಾಲಿಕವಾಗಿ ಜೋಡಣೆಯಾಗಿರದ ದಕ್ಷಿಣ ಜಾಲ ಪಾರಾಯಿತು. 2014ರ ಫೆಬ್ರವರಿಯಲ್ಲಿ ಬಂದ ವಿಚಲನೆ ಇತ್ಯರ್ಥ ಪದ್ಧತಿ, ದರದ ಜೊತೆಗೆ ವಿಚಲನೆಯ ಪ್ರಮಾಣಕ್ಕೂ ಮಿತಿ ಹಾಕಿತು.

ದಕ್ಷಿಣ ಜಾಲ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದೇಶದ ಉಳಿದ ಜಾಲದೊಡನೆ ಒಂದಾಯಿತು. ಜೋಡಣೆಯಾದರೂ ಇಕ್ಕಟ್ಟು ಒಮ್ಮೆಗೇ ನೀಗಲಿಲ್ಲ. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಾರ್ಗದ ಸಾಮರ್ಥ್ಯ ಸಾಲದಾದಾಗ ಮಾರುಕಟ್ಟೆ ಪ್ರದೇಶವಾರು ಒಡೆದು, ದಕ್ಷಿಣದ ಖರೀದಿದಾರ ಬೇರೆಡೆಗಿಂತ ಹೆಚ್ಚು ಬೆಲೆ ತೆರಬೇಕಾದ ದಿನಗಳು ಅನಂತರವೂ ಇದ್ದವು. ಶ್ವೆಪೆಯವರ ತತ್ತ್ವದ ಸ್ಥೂಲ ರೂಪವಿದು. ನ್ಯೂಜಿಲೆಂಡ್ 1996ರಲ್ಲಿಯೇ ಅದನ್ನು ಪ್ರತಿ ಸಂಧಿಸ್ಥಾನಕ್ಕೂ ಅನ್ವಯಿಸಿತ್ತು.

ಮುಕ್ತ ಪ್ರವೇಶದಡಿ ವಿದ್ಯುತ್ತು ಕೊಳ್ಳುವ ಕಾರ್ಖಾನೆಗಳು ಒಪ್ಪಂದದಲ್ಲಿ ಯೂನಿಟ್ ದರದ ಜೊತೆಗೆ ವಿತರಣಾ ಸ್ಥಳವನ್ನೂ ನೋಡತಕ್ಕದ್ದು. ಬೆಲೆ ಉತ್ಪಾದಕನ ದ್ವಾರದಲ್ಲಿಯೋ, ರಾಜ್ಯದ ಗಡಿಯಲ್ಲಿಯೋ, ಮಾರ್ಗ ಇಕ್ಕಟ್ಟಾಗಿ ಪೂರೈಕೆ ಕಡಿತವಾದ ಗಂಟೆಗಳಲ್ಲಿ ವ್ಯತ್ಯಾಸವನ್ನು ಭರಿಸುವವರು ಯಾರು ಎಂಬುದು ಅಕ್ಷರದಲ್ಲಿರಬೇಕು.