ವ್ರತ ಇರಲಿ, ಪಂಕ್ತಿ ಬಿಡಬೇಡಿ

ಪ್ರಶ್ನೆ: ನಾನು ತುಮಕೂರಿನವಳು, ಫಿಲಿಪ್ಪೀನ್ಸ್‌ನ ದಾವಾವೊದಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಹಳ್ಳಿಗಳಲ್ಲಿ ನಡೆಯುವ ಉಚಿತ ಆರೋಗ್ಯ ಶಿಬಿರಗಳಿಗೆ ಸ್ವಯಂಸೇವಕಿಯಾಗಿ ಹೋಗುತ್ತೇನೆ. ಮಧ್ಯಾಹ್ನ ಊರಿನವರೇ ಅಡುಗೆ ಮಾಡಿ ಬಡಿಸುತ್ತಾರೆ. ನಾನು ಮೀನು, ಮಾಂಸ ಮುಟ್ಟುವವಳಲ್ಲ. ಕಳೆದ ಸಲ ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ, ವ್ಯಾನಿನಲ್ಲಿ ಕೂತು ಬಿಸ್ಕತ್ತು ತಿಂದೆ. ಅಡುಗೆ ಮಾಡಿದ್ದ ಅಜ್ಜಿ ಮತ್ತೆ ಮತ್ತೆ ಬಂದು ವಿಚಾರಿಸಿದರು. 'ಅಲ್ಲಿ ಏನೂ ತಿನ್ನಬೇಡ' ಅನ್ನುತ್ತಾರೆ ಅಮ್ಮ. ನನಗೋ ಎಲ್ಲರ ಜೊತೆ ಕೂತು ಉಣ್ಣುವ ಆಸೆ. ಮುಂದಿನ ತಿಂಗಳು ಮತ್ತೆ ಅದೇ ಊರಿನಲ್ಲಿ ಶಿಬಿರ. ಏನು ಮಾಡಲಿ?

ಉತ್ತರ: ನಿಮ್ಮ ಆಸೆ ಒಳ್ಳೆಯದು, ಅದು ಈಡೇರುವಂಥದ್ದೇ. ಉಚಿತ ಶಿಬಿರದಲ್ಲಿ ಊರಿನವರು ನಿಮಗೆ ದುಡ್ಡು ಕೊಡುವಂತಿಲ್ಲ. ಅವರು ಕೈಯಾರೆ ಕೊಡಬಹುದಾದದ್ದು ಊಟ. ಒಂದು ಪದಾರ್ಥ ಬೇಡವೆಂದರೆ ಅವರಿಗೆ ಅರ್ಥವಾಗುತ್ತದೆ. ಆದರೆ ಹೊಟ್ಟೆ ಸರಿಯಿಲ್ಲ ಎಂದಾಗ ಆ ಅಜ್ಜಿ ತಮ್ಮ ಅಡುಗೆಯನ್ನೇ ಅನುಮಾನಿಸಿರಬೇಕು.

ಆದ್ದರಿಂದ ತಟ್ಟೆಯ ಮುಂದೆ ಕೂತು ಹೇಳಬೇಡಿ, ಒಂದು ವಾರ ಮೊದಲೇ ಹೇಳಿ. ಅಲ್ಲಿನ ಬಿಸಾಯಾ ಭಾಷೆ ಮಾತಾಡುವ ಸಹಪಾಠಿಯೊಬ್ಬರ ಮೂಲಕ ಅಡುಗೆಯವರಿಗೆ ತಿಳಿಸಿ. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಮೀನು, ಸಿಗಡಿ ಬರಬಹುದು. ಬಾಗೊಒಂಗ್ ಎಂಬ ಹುದುಗಿಸಿದ ಸಿಗಡಿ ಅಥವಾ ಮೀನಿನ ಪೇಸ್ಟು, ಪಾತಿಸ್ ಎಂಬ ಮೀನಿನ ರಸ ತರಕಾರಿ ಪಲ್ಯಕ್ಕೂ ಬೀಳುತ್ತವೆ. ಬದನೆ, ಹಾಗಲ, ಬೆಂಡೆ ಹಾಕಿದ ಪಿನಕ್ಬೆತ್‌ಗೆ ರುಚಿ ಕೊಡುವುದೇ ಬಾಗೊಒಂಗ್. ಪ್ರತಿಯೊಂದನ್ನೂ ಹೆಸರು ಹಿಡಿದು ಹೇಳಿ.

ಬೇಡದ್ದರ ಜೊತೆಗೆ ಬೇಕಾದ್ದನ್ನೂ ಹೇಳಿದರೆ ಅವರಿಗೆ ಸುಲಭ. ಮೊಂಗೊ ಕೇಳಿ. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿ, ಬೇಯಿಸಿದ ಹೆಸರುಕಾಳು ಹಾಕಿ, ಇಳಿಸುವ ಹೊತ್ತಿಗೆ ನುಗ್ಗೆಸೊಪ್ಪು ಉದುರಿಸುತ್ತಾರೆ. ಸಾಮಾನ್ಯವಾಗಿ ಹಂದಿಮಾಂಸದ ಚೂರುಗಳನ್ನು ಮೊದಲೇ ಹುರಿದುಕೊಳ್ಳುವುದರಿಂದ, ನಿಮ್ಮ ಪಾಲನ್ನು ಪುಟ್ಟ ಪಾತ್ರೆಯಲ್ಲಿ ಎಣ್ಣೆ ಹಾಕಿ ಬೇರೆ ಮಾಡಲು ವಿನಂತಿಸಿ. ಕುಂಬಳಕಾಯಿ, ಅಲಸಂದೆ ಕಾಯಿಯನ್ನು ತೆಂಗಿನಹಾಲಿನಲ್ಲಿ ಬೇಯಿಸುವ ಗಿನತಾನ್, ಸಿಗಡಿ ಬಿಟ್ಟರೂ ರುಚಿಯೇ. ಅಕ್ಕಿಯ ಪುತೊ ನಮ್ಮ ಇಡ್ಲಿಯ ಹಾಗೆ ಹಬೆಯಲ್ಲಿ ಬೆಂದದ್ದು; ಮೊಟ್ಟೆ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. ಬಾಳೆಲೆಯಲ್ಲಿ ಸುತ್ತಿದ ಸುಮಾನ್, ತೆಂಗಿನಹಾಲು, ಕಂದುಸಕ್ಕರೆಯ ಬೀಕೊ, ಸಾಬಾ ಬಾಳೆಯ ತುರೊನ್ ಇವೆ. ದಾವಾವೊದಲ್ಲಿದ್ದೂ ಡುರಿಯನ್, ಮರಾಂಗ್, ಚಕ್ಕೋತ ಹಣ್ಣುಗಳನ್ನು ಸವಿಯದೆ ಬರಬೇಡಿ.

ಎಲ್ಲರೂ ಕೈಯಲ್ಲಿ ಉಣ್ಣುವ ಕಮಾಯಾನ್ ಏರ್ಪಡಿಸಿದರೆ, ಉದ್ದನೆಯ ಮೇಜಿಗೆ ಬಾಳೆಲೆ ಹಾಸಿ, ನಡುವೆ ಅನ್ನ ಸುರಿದು, ಅದರ ಮೇಲೆ ಮೀನು, ಮಾಂಸ ಹರವುತ್ತಾರೆ. ಮೇಜಿನ ತುದಿಯಲ್ಲಿ ಬೇರೊಂದು ಎಲೆ ಹಾಕಿಸಿಕೊಂಡು ಅವರ ಪಕ್ಕದಲ್ಲೇ ಕೂರಿ. ಎಲೆಯ ಮೇಲೆ ಕಲಸಿ ಉಣ್ಣುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಊರಿಂದ ತಂದ ಚಟ್ನಿಪುಡಿ ಇದ್ದರೆ ಅದನ್ನೂ ಮೇಜಿಗೆ ತನ್ನಿ, ಅವರೂ ರುಚಿ ನೋಡಲಿ.

ಅಮ್ಮನ ಆತಂಕವನ್ನೂ ತಳ್ಳಿಹಾಕಬೇಡಿ. ನೀವು ಮಲಗಿದರೆ ಶಿಬಿರಕ್ಕೆ ಒಂದು ಕೈ ಕಡಿಮೆಯಾಗುತ್ತದೆ. ಬಿಸಿಬಿಸಿ ಇರುವುದನ್ನೇ ಉಣ್ಣಿ. ಕುದಿಸಿದ ಇಲ್ಲವೇ ಸೀಲ್ ಮಾಡಿದ ಬಾಟಲಿಯ ನೀರು ಕುಡಿಯಿರಿ, ಎಲ್ಲಿಯದೆಂದು ತಿಳಿಯದ ಐಸ್ ಬೇಡ. ರೋಗಿಗಳನ್ನು ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ. ಹೆಸರುಕಾಳು, ನುಗ್ಗೆಸೊಪ್ಪಿನ ಬಟ್ಟಲಿನ ಫೋಟೊ ಕಳಿಸಿ, ಅಮ್ಮನಿಗೆ ಅರ್ಧ ಸಮಾಧಾನವಾಗುತ್ತದೆ.

ಊರು ತಲುಪಿದ ಮೊದಲ ದಿನವೇ ಆ ಅಜ್ಜಿಯನ್ನು ಕಂಡು, ಅವತ್ತು ಅವರ ಅಡುಗೆಯಿಂದ ನಿಮಗೇನೂ ಆಗಿರಲಿಲ್ಲವೆಂದು ನಿಜ ಹೇಳಿಬಿಡಿ. ಸಾಧ್ಯವಾದರೆ ಬೆಳಿಗ್ಗೆ ಒಂದರ್ಧ ಗಂಟೆ ನುಗ್ಗೆಸೊಪ್ಪು ಬಿಡಿಸಲು ಅವರ ಜೊತೆ ಕೂರಿ. ಉಂಡ ಮೇಲೆ ಬಿಸಾಯಾದಲ್ಲಿ 'ಲಾಮಿ ಕಾಆಯೊ', ಅಂದರೆ ತುಂಬಾ ರುಚಿಯಾಗಿತ್ತು, ಎಂದು ಮನಸಾರೆ ಹೇಳಿ. ಎರಡನೆಯ ದಿನದಿಂದ ನಿಮ್ಮ ಪುಟ್ಟ ಪಾತ್ರೆಯನ್ನು ಅವರೇ ನೆನಪಿಟ್ಟು ಒಲೆಗೇರಿಸುತ್ತಾರೆ.